ನೀಲಗಿರಿ ಮೇಲೆ, ನದಿ ಕೆಳಗೆ

ಆ ಊರಿನ ಹೆಸರೇ ಮೂವತ್ತಮೂರು. ಅವರ ಭಾಷೆಯಲ್ಲಿ ತ್ರೆಯಿಂತಾ ಇ ತ್ರೆಸ್. ಊರಿಗೇ ಅಂಕಿಯ ಹೆಸರಿಟ್ಟುಕೊಂಡ ಜನ ಲೆಕ್ಕ ಎಂದರೆ ಮಾತ್ರ ಮಾರು ದೂರ ಹಾರುತ್ತಿದ್ದರು. ಅವರಲ್ಲೂ ಎಲ್ಲರಿಗಿಂತ ದೂರ ಹಾರಿದವನು ಅದೆಮಾರ್ ಬಿದಾರ್ತ್. ಲಿಸೆಯೋ ಎಂಬ ಪ್ರೌಢಶಾಲೆಯ ಎರಡನೇ ವರ್ಷದಲ್ಲಿ ಗಣಿತದ ಮೇಷ್ಟರಿಗೆ ಬೆನ್ನು ತೋರಿಸಿ ಓಡಿದವನು ನೇರ ಊರಿನ ರೇಡಿಯೋ ಸ್ಟೇಷನ್ನಿಗೆ ಬಂದು ನಿಂತ. ಅಲ್ಲಿಂದ ಮುಂದೆ ಕೂದಲು ನೆರೆಯುವ ತನಕ ಭಾನುವಾರದ ಫುಟ್‌ಬಾಲ್ ಪಂದ್ಯಗಳನ್ನು ಊರಿಗೆಲ್ಲ ಬಾಯಲ್ಲೇ ತೋರಿಸಿದ.

ತೋರಿಸಿದ ಎಂದೇ ಹೇಳಬೇಕು. ಊರಿನ ಮೈದಾನ ಕೊಂಚ ಇಳಿಜಾರು. ಮೇಲಿನ ಗೋಲಿನ ಹಿಂದೆ ನೀಲಗಿರಿ ಮರಗಳ ಸಾಲು, ಕೆಳಗಿನ ಗೋಲಿನ ಹಿಂದೆ ಒಲಿಮಾರ್ ನದಿ. ಅದೆಮಾರ್ ಎಡ ಬಲ ಎಂದವನೇ ಅಲ್ಲ. ಚೆಂಡು ನೀಲಗಿರಿ ಕಡೆಗೆ ಏರಿತು, ಚೆಂಡು ನದಿ ಕಡೆಗೆ ಇಳಿಯಿತು, ಅಷ್ಟೇ. ಮೈದಾನವನ್ನು ಕಣ್ಣಲ್ಲಿ ನೋಡದ ಮುದುಕಿಯರು ಕೂಡ ಅಡುಗೆಮನೆಯಲ್ಲಿ ಕೂತು ಚಾಕು ತೋರಿಸಿ ಚೆಂಡು ಎಲ್ಲಿದೆ ಎಂದು ಹೇಳುತ್ತಿದ್ದರು. ಮಾಂಸದ ಬೆಲೆ ಏರಿದರೆ ಊರಿನವರು ಬೆಲೆ ನೀಲಗಿರಿ ಸೇರಿತು ಎಂದು ಗೊಣಗುವ ರೂಢಿಯೂ ಅವನಿಂದಲೇ ಬಂದದ್ದು.

ಅವನಿಗೆ ಇನ್ನೊಂದು ವ್ರತವಿತ್ತು. ಒಂದು ಕ್ಷಣವೂ ಸುಮ್ಮನಿರಬಾರದು. ರೇಡಿಯೋದಲ್ಲಿ ಮಾತು ನಿಂತರೆ ಕೇಳುವವನು ಕಿವಿ ತಿರುಗಿಸಿದ ಎಂದೇ ಲೆಕ್ಕ. ಚೆಂಡು ನದಿಗೆ ಬಿದ್ದು, ದೋಣಿಯವನು ಅದನ್ನು ಹಿಡಿದು ತರುವ ತನಕವೂ ಅದೆಮಾರ್ ಬಾಯಿ ಮುಚ್ಚುತ್ತಿರಲಿಲ್ಲ. ಗ್ಯಾಲರಿಯಲ್ಲಿ ಕೂತವರ ಹೆಸರು, ಅವರ ಹೆಂಡಿರ ಹೆಸರು, ನಾಯಿಯ ಹೆಸರು ಎಲ್ಲ ಹೇಳಿ ಮುಗಿಸುತ್ತಿದ್ದ.

ಹೀಗಿದ್ದವನನ್ನು ಸ್ಟೇಷನ್ನಿನ ಹೊಸ ಮಾಲೀಕ ಒಂದು ಗಡಿಯಾರ, ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದ. ಅವನ ಜಾಗಕ್ಕೆ ಮಾಲೀಕನ ಅಕ್ಕನ ಮಗ ಬಂದ. ಆ ಹುಡುಗ ನಿಮಿಷಕ್ಕೊಮ್ಮೆ ಟೈರಿನ ಜಾಹೀರಾತು ಹಾಡುತ್ತಿದ್ದ. ಅದೆಮಾರ್ ಬಸ್ ನಿಲ್ದಾಣದಲ್ಲಿ ಕರಿದ ರೊಟ್ಟಿ ಮಾರುವ ಚೆಲಾಳ ಅಂಗಡಿಯ ಮುಂದೆ ನಿಂತು ದಿನಾ ಅದನ್ನೇ ಹೇಳಿಕೊಂಡು ಕೊರಗುತ್ತಿದ್ದ.

ಒಂದು ದಿನ ಚೆಲಾ ಜಾಲರಿ ಸೌಟು ಕೆಳಗಿಟ್ಟು ಹೇಳಿದಳು, "ಅಲ್ಲಯ್ಯಾ, ನಿನ್ನ ದನಿ ಯಾರಿಗೂ ಬೇಡ ಅಂತ ನನ್ನ ಎಣ್ಣೆ ಮುಂದೆ ಎಷ್ಟು ದಿನ ಅಳ್ತೀಯ? ನಮ್ಮ ನಿಬಿಯಾಗೆ ಬೇಕಾಗಿದೆ. ಓದಿ ಹೇಳ್ತಿದ್ದ ಅವಳ ಚಿಕ್ಕಮ್ಮನ ಮಗಳು ಮದುವೆ ಆಗಿ ಹೊರಟುಹೋದ್ಲು. ಬಾ, ಮಧ್ಯಾಹ್ನ ಓದು. ರೊಟ್ಟಿ ಪುಕ್ಕಟೆ."

ನಿಬಿಯಾ ಚೆಲಾಳ ಮಗಳು. ಹತ್ತೊಂಬತ್ತು ವರ್ಷ. ಹುಟ್ಟಿನಿಂದ ಕಣ್ಣು ಕಾಣದು. ಲಿಸೆಯೋದ ಎಲ್ಲ ವಿಷಯಗಳನ್ನೂ ಮುಗಿಸಿದ್ದಳು, ಗಣಿತ ಒಂದು ಉಳಿದಿತ್ತು. ಅದನ್ನು ದಾಟಿದರೆ ರಾಜಧಾನಿ ಮೊಂತೆವಿದೆಯೋದ ವಿಶ್ವವಿದ್ಯಾಲಯ. ಅವಳು ಅಲ್ಲಿಗೆ ಹೋಗಿ ಓದಬೇಕೆಂದಿದ್ದದ್ದೂ ಗಣಿತವನ್ನೇ. ಡಿಸೆಂಬರಿನಲ್ಲಿ ಪರೀಕ್ಷೆ, ತಪ್ಪಿದರೆ ಫೆಬ್ರವರಿಯಲ್ಲಿ ಇನ್ನೊಂದು. ಎರಡೂ ತಪ್ಪಿದರೆ ಅವಳ ಹೆಸರಿಗೆ ಸಿಕ್ಕಿದ್ದ ವಿದ್ಯಾರ್ಥಿನಿಲಯದ ಕೋಣೆ ಬೇರೆಯವರ ಪಾಲು. ಇನ್ನೊಂದು ಸಲ ಸಿಗುವ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ.

ಅದೆಮಾರ್ ಒಪ್ಪಿಕೊಂಡದ್ದು ದಯೆಯಿಂದ ಎನ್ನುವುದಕ್ಕಿಂತ ಜಂಬದಿಂದ ಎನ್ನುವುದೇ ನಿಜ. ಓದುವ ಪುಸ್ತಕ ಗಣಿತದ್ದು ಎಂದು ಅವನಿಗೆ ಗೊತ್ತಾದದ್ದು ಅದು ಕೈಗೆ ಬಂದ ಮೇಲೆ. ಅದು ಲಿಸೆಯೋದಲ್ಲಿ ಕಲ್ಲಚ್ಚು ಮಾಡಿ ಹೊಲಿದ ಕಟ್ಟು. ಮಧ್ಯೆ ಮಧ್ಯೆ ಚಿತ್ರವಿಚಿತ್ರ ಗುರುತುಗಳು.

"ಇಲ್ಲೊಂದು ಚಿತ್ರ ಇದೆ, ಬಿಡು, ಮುಂದೆ ಹೋಗೋಣ," ಎಂದ ಮೊದಲ ದಿನವೇ.

"ದೋನ್ ಅದೆಮಾರ್, ಅದು ಚಿತ್ರ ಅಲ್ಲ, ಸೂತ್ರ. ಅದಕ್ಕೋಸ್ಕರಾನೇ ಮಿಕ್ಕಿದ್ದೆಲ್ಲ ಬರೆದಿರೋದು," ಎಂದಳು ನಿಬಿಯಾ. ದೋನ್ ಎಂದರೆ ಅಲ್ಲಿ ಹಿರಿಯರಿಗೆ ಕೊಡುವ ಗೌರವ.

"ಗೊತ್ತು ಬಿಡಮ್ಮ, ತಮಾಷೆ ಮಾಡ್ದೆ."

ಗೊತ್ತಿರಲಿಲ್ಲ. ಆದರೆ ಮೈಕಿನ ಮುಂದೆ ಗೊತ್ತಿಲ್ಲ ಎಂದ ಅಭ್ಯಾಸವೂ ಅವನಿಗಿರಲಿಲ್ಲ. ಮೇಜಿನ ಮೇಲೆ ಅವಳ ಟೇಪ್ ರೆಕಾರ್ಡರ್ ಇತ್ತು, ಅದರ ಕೆಂಪು ದೀಪ ಹತ್ತಿದ್ದೇ ತಡ ಅವನಿಗೆ ಹಳೆಯ ಹುರುಪು ಬಂತು. ಕಂಡ ಗುರುತಿಗೆಲ್ಲ ಹೆಸರಿಟ್ಟುಕೊಂಡು ಓಡಿದ. ಕಸಾಯಿ ಅಂಗಡಿಯ ಕೊಕ್ಕೆ. ಮಲಗಿ ನಿದ್ದೆ ಹೋದ ಎಂಟು. ಪಕ್ಕಕ್ಕೆ ಬಿದ್ದ ಎಂ. ನಿಬಿಯಾ ನಕ್ಕು, ಕೊಕ್ಕೆ ಎಂದರೆ ಇದು, ಎಂಟು ಎಂದರೆ ಅದು ಎಂದು ಊಹಿಸಿಕೊಂಡು ಕೂತಳು. ಪಂದ್ಯದ ಕೊನೆಯ ಐದು ನಿಮಿಷದ ವೇಗದಲ್ಲಿ ಅಧ್ಯಾಯಗಳು ಉರುಳಿದವು. ಒಂದು ಕಡೆ ಅವಳೇ ತಡೆದಳು.

"ಇದೇನಿದು? ಎರಡರ ಘಾತ ಎನ್ ಪ್ಲಸ್ ಒಂದು ಮೈನಸ್ ಒಂದು? ಒಂದು ಕೊಟ್ಟು ಒಂದು ಕಿತ್ಕೊಂಡ್ರೆ ಬಂದ ಭಾಗ್ಯ ಏನು?"

"ಇಲ್ಲಿ ಹಾಗೇ ಇದೆ ಕಣಮ್ಮ."

ಹಾಗೇ ಇದೆ ಎಂದ ಮೇಲೆ ಮುಗಿಯಿತು. ಆ ದನಿ ಗೋಲ್ ಎಂದರೆ ಊರೇ ಕುಣಿಯುತ್ತಿತ್ತು, ಆಫ್‌ಸೈಡ್ ಎಂದರೆ ಊರೇ ಬೈಯುತ್ತಿತ್ತು. ಪರೀಕ್ಷೆ ಹತ್ತಿರ ಬಂದಿತ್ತು. ನಿಬಿಯಾ ಟೇಪನ್ನು ಮತ್ತೆ ಮತ್ತೆ ಹಾಕಿ ಅವನು ಹೇಳಿದ್ದನ್ನು ಹೇಳಿದಂತೆಯೇ ಬಾಯಿಪಾಠ ಮಾಡಿದಳು.

ಡಿಸೆಂಬರಿನಲ್ಲಿ ಅವಳಿಗೆ ಬಂದದ್ದು ಹನ್ನೆರಡಕ್ಕೆ ಮೂರು.

ಚೆಲಾ ಅತ್ತಳು. ನಿಬಿಯಾ ಅಳಲಿಲ್ಲ. ತ್ರುಕೋ ಇಸ್ಪೀಟಿನಲ್ಲಿ ಅಂಕ ಎಣಿಸಲು ಮನೆಯಲ್ಲಿ ಒಂದು ಡಬ್ಬಿ ಹುರುಳಿಕಾಳು ಇಟ್ಟಿದ್ದರು. ಅದನ್ನು ಮೇಜಿನ ಮೇಲೆ ಸುರಿದುಕೊಂಡು ಒಂದೊಂದೇ ಸೂತ್ರವನ್ನು ಪರೀಕ್ಷೆಗೆ ಹಚ್ಚಿದಳು. ಅದೆಮಾರ್ ಸಮಾಧಾನ ಹೇಳಲು ಬಂದಾಗ ಅವಳ ಮುಂದೆ ಕಾಳಿನ ಸಾಲುಗಳಿದ್ದವು.

"ಕೂತ್ಕೊಳ್ಳಿ," ಎಂದಳು. "ಒಂದು, ಎರಡು, ನಾಲ್ಕು, ಎಂಟು. ಎಲ್ಲ ಕೂಡಿಸಿ ನೋಡಿ."

ಅವನು ಬೆರಳಿಟ್ಟು ಎಣಿಸಿದ. "ಹದಿನೈದು."

"ನಿಮ್ಮ ಸೂತ್ರದ ಪ್ರಕಾರ ಎಂಟು. ಎರಡರ ಘಾತ ಮೂರು, ಪ್ಲಸ್ ಒಂದು, ಮೈನಸ್ ಒಂದು. ನಿಮ್ಮ ಸೂತ್ರ ಏಳು ಕಾಳು ನುಂಗಿದೆ, ದೋನ್. ಆ ಹಾಳೆ ತೆಗೀರಿ. ಓದಬೇಡಿ. ಯಾವ್ದು ಎಲ್ಲಿ ಕೂತಿದೆ ಅಷ್ಟೇ ಹೇಳಿ."

ಅವನು ಕನ್ನಡಕ ಏರಿಸಿ ನೋಡಿದ. "ಎರಡು ದೊಡ್ಡದಾಗಿದೆ. ಎನ್ ಚಿಕ್ಕದು, ಅದರ ಭುಜದ ಮೇಲೆ ಹತ್ತಿ ಕೂತಿದೆ. ಪ್ಲಸ್ ಒಂದೂ ಚಿಕ್ಕದೇ, ಅದೂ ಮೇಲೇನೇ ಇದೆ. ಮೈನಸ್ ಒಂದು ಮಾತ್ರ ದೊಡ್ಡದು, ಕೆಳಗೆ ನೆಲದ ಮೇಲೆ ನಿಂತಿದೆ."

ನಿಬಿಯಾಳ ಕೈ ಕಾಳಿನ ಮೇಲೆ ನಿಂತಿತು. ನಾಲ್ಕು ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಹದಿನೈದು. ಕಾಳು ಸರಿಯಾಗಿತ್ತು, ಪುಸ್ತಕವೂ ಸರಿಯಾಗಿತ್ತು.

"ಇದನ್ನ ಆವತ್ತೇ ಯಾಕೆ ಹೇಳ್ಲಿಲ್ಲ?"

"ಅದು ಹೇಳೋ ವಿಷಯ ಅಂತ ನಂಗೆ ಗೊತ್ತಿರ್ಲಿಲ್ಲ ಕಣಮ್ಮ. ಜಾಗ ಸಾಲದೆ ಚಿಕ್ಕದಾಗಿ ಬರೆದಿದ್ದಾರೆ ಅನ್ಕೊಂಡೆ."

"ಉಸಿರಾದ್ರೂ ಬಿಡಬಾರದಿತ್ತಾ? ಎಲ್ಲಿ ಶುರು, ಎಲ್ಲಿ ಮುಗೀತು, ಒಂದೂ ಗೊತ್ತಾಗಲ್ಲ ನಿಮ್ಮ ಬಾಯಲ್ಲಿ. ನೀವು ನಂಗೆ ಓದಿ ಹೇಳ್ಲಿಲ್ಲ, ದೋನ್ ಅದೆಮಾರ್. ನಿಮ್ಮ ದನಿ ನೀವೇ ಕೇಳಿಸ್ಕೊಂಡ್ರಿ." ಆಮೇಲೆ ಇನ್ನೂ ಮೆತ್ತಗೆ ಹೇಳಿದಳು, "ನಾಳೆಯಿಂದ ಬರಬೇಡಿ."

ಚೆಲಾ ಸೋರೆಬುರುಡೆಯಲ್ಲಿ ಮಟೆ ಎಲೆಯ ಬಿಸಿ ಕಷಾಯ ತುಂಬಿ ಅವನ ಕಡೆ ಚಾಚಿದ್ದಳು. ಅವನು ಗ್ರಾಸಿಯಾಸ್, ಅಂದರೆ ಧನ್ಯವಾದ, ಎಂದು ಹೇಳಿ ಎದ್ದ. ಆ ಮಾತು ಹೇಳಿದವರಿಗೆ ಮತ್ತೆ ಮಟೆ ಕೊಡುವುದಿಲ್ಲ, ಸಾಕು ಎಂದೇ ಅದರ ಅರ್ಥ. ಅವನು ಒಂದು ಗುಟುಕೂ ಕುಡಿದಿರಲಿಲ್ಲ.

ಅವಮಾನಕ್ಕಿಂತ ಅವನನ್ನು ಸುಟ್ಟದ್ದು ಆ ಹುಡುಗಿ ಹೇಳಿದ್ದು ನಿಜ ಎನ್ನುವುದು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತ. ಕ್ರಿಸ್‌ಮಸ್ ಬಂತು, ಹೊಸ ವರ್ಷ ಬಂತು, ಪಟಾಕಿ ಹಾರಿತು. ಅವನು ಯಾರ ಮನೆಗೂ ಹೋಗಲಿಲ್ಲ. ಜನವರಿಯ ಒಂದು ಭಾನುವಾರ ಊರಿನ ತಂಡಕ್ಕೂ ಪಕ್ಕದ ಜಿಲ್ಲೆಗೂ ಪಂದ್ಯವಿತ್ತು. ಮೈದಾನಕ್ಕೆ ಹೋಗಲು ಮುಖವಿಲ್ಲದೆ, ವರ್ಷಗಳಲ್ಲಿ ಮೊದಲ ಸಲ ಮನೆಯಲ್ಲೇ ರೇಡಿಯೋ ಹಾಕಿದ.

ಮಾಲೀಕನ ಅಕ್ಕನ ಮಗ ಕಿರುಚುತ್ತಿದ್ದ. ಹೋಯ್ತು! ಬಂತು! ಏನು ಒದೆತ! ಇದೇನಿದು! ನಡುವೆ ಟೈರಿನ ಹಾಡು. ಮತ್ತೆ, ಕೂದಲೆಳೆಯಲ್ಲಿ ತಪ್ಪಿತು! ಅದೆಮಾರ್ ಕುರ್ಚಿಯ ತುದಿಗೆ ಬಂದಿದ್ದ.

"ಎಲ್ಲಿ ತಪ್ಪಿತೋ ದರಿದ್ರದವನೇ?" ಎಂದು ರೇಡಿಯೋಗೆ ಬೈದ. "ಯಾವ ಕಡೆ? ನೀಲಗಿರಿಯಲ್ಲೋ ನದಿಯಲ್ಲೋ? ಯಾರ ಕಾಲಲ್ಲಿತ್ತು? ನಂಗೆ ಕಾಣಲ್ಲ ಕಣೋ, ನೀನು ಹೇಳಿದ್ರೆ ತಾನೇ ಗೊತ್ತಾಗೋದು!"

ತಾನೇ ಆಡಿದ ಮಾತು ತನ್ನ ಕಿವಿಗೆ ಬಿತ್ತು. ನಂಗೆ ಕಾಣಲ್ಲ. ಅವನು ರೇಡಿಯೋ ಆರಿಸಿ, ಟೋಪಿ ಹಾಕಿಕೊಂಡು, ಆ ನಾಡಿನ ಜನವರಿಯ ಬೇಸಿಗೆ ಬಿಸಿಲಲ್ಲಿ ಚೆಲಾಳ ಮನೆಗೆ ನಡೆದ.

ನಿಬಿಯಾ ಜಗಲಿಯಲ್ಲಿ ಕೂತಿದ್ದಳು. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಳು.

"ಬೈಯೋದಿದ್ರೆ ಬೈದು ಮುಗಿಸು," ಎಂದ ಅವನು ನಿಂತುಕೊಂಡೇ. "ಆಮೇಲೆ ಕೇಳು. ನಮ್ಮ ಮೈದಾನ ನಿಂಗೆ ಗೊತ್ತಾ?"

"ನೀವೇ ತಾನೇ ಹೇಳಿಕೊಟ್ಟಿದ್ದು. ಮೇಲೆ ನೀಲಗಿರಿ, ಕೆಳಗೆ ನದಿ. ಚಿಕ್ಕವಳಿದ್ದಾಗ ನಿಮ್ಮ ಮಾತು ಕೇಳ್ತಾ ಮೇಜಿನ ಮೇಲೆ ಬೆರಳು ಓಡಿಸ್ತಿದ್ದೆ."

"ಹಾಳೆನೂ ಮೈದಾನ ಕಣಮ್ಮ. ಅಷ್ಟೇ ನಂಗೆ ಹೊಳೀಲಿಲ್ಲ. ಇನ್ಮೇಲೆ ಯಾರು ಎಲ್ಲಿ ನಿಂತಿದ್ದಾನೆ ಅಂತ ಹೇಳ್ತೀನಿ. ಆದ್ರೆ ಒಂದು ಷರತ್ತು. ಆಟದ ನಿಯಮ ಗೊತ್ತಿಲ್ದೆ ನಾನು ಯಾವತ್ತೂ ಪಂದ್ಯ ಹೇಳಿಲ್ಲ. ಈ ಆಟದ ನಿಯಮ ನೀನೇ ನಂಗೆ ಹೇಳಿಕೊಡಬೇಕು. ಈ ಕೊಕ್ಕೆ ಏನು ಮಾಡತ್ತೆ, ಆ ಬಿದ್ದ ಎಂ ಏನು ಮಾಡತ್ತೆ, ಎಲ್ಲ. ನಂಗೆ ಒಂದೂ ಗೊತ್ತಿಲ್ಲ. ಮೊದಲ ದಿನದಿಂದಲೂ ಗೊತ್ತಿರ್ಲಿಲ್ಲ."

"ಅದು ನಂಗೆ ಮೊದಲ ದಿನಾನೇ ಗೊತ್ತಾಗಿತ್ತು," ಎಂದಳು ನಿಬಿಯಾ. ಒಳಗೆ ತಿರುಗಿ ಕೂಗಿದಳು, "ಅಮ್ಮಾ, ಮಟೆಗೆ ನೀರು ಕಾಯಿಸು. ಹುರುಳಿ ಡಬ್ಬಿ ತಾ."

ಆ ದಿನದಿಂದ ಆ ಮನೆಯಲ್ಲಿ ಪಾಠ ತಲೆಕೆಳಗಾಯಿತು. ಕಣ್ಣಿದ್ದವನಿಗೆ ಕಣ್ಣಿಲ್ಲದವಳು ಓದುವುದನ್ನು ಕಲಿಸಿದಳು. ಬಿದ್ದ ಎಂ ಎಂದರೆ ಸಿಗ್ಮಾ, ಎಲ್ಲವನ್ನೂ ಕೂಡಿಸು ಎಂದು ಅರ್ಥ. ಅದರ ಕಾಲಡಿ ಎಲ್ಲಿಂದ ಶುರು ಎಂದು ಬರೆದಿರುತ್ತದೆ, ತಲೆಯ ಮೇಲೆ ಎಲ್ಲಿಗೆ ಮುಗಿಸು ಎಂದು.

"ಅಂದ್ರೆ ಮೈದಾನದ ಗೇಟಿನಲ್ಲಿ ಕೂತು ಬಂದವರನ್ನೆಲ್ಲ ಎಣಿಸ್ತಾನಲ್ಲ, ಅವನು!" ಎಂದ ಅದೆಮಾರ್. ಅವನ ಮುಖ ಅರಳಿತ್ತು. "ನದಿ ಗೇಟಿನಿಂದ ಒಂದನೇ ನಂಬರಿನವನು ಬಂದ, ನೀಲಗಿರಿ ಗೇಟ್ ಮುಚ್ಚೋ ತನಕ ಎಣಿಸ್ತಾ ಇರು. ಇಷ್ಟೇನಾ? ಇಷ್ಟಕ್ಕೆ ನನ್ನನ್ನ ಶಾಲೆ ಬಿಡಿಸಿದ್ರಾ?"

"ನಿಮ್ಮನ್ನ ಯಾರೂ ಬಿಡಿಸ್ಲಿಲ್ಲ. ನೀವೇ ಓಡಿದ್ದು ಅಂತ ಊರಿಗೆಲ್ಲ ಗೊತ್ತು."

ಹಳೆಯ ತಪ್ಪುಗಳೂ ಒಂದೊಂದೇ ಸಿಕ್ಕಿಬಿದ್ದವು. ಒಂದು ಅಧ್ಯಾಯದಲ್ಲಿ ಅವನು ಅಂಕಿಗಳನ್ನು ಕೂಗಿ ಕೂಗಿ ಓದಿದ್ದು ಟೇಪಿನಲ್ಲಿತ್ತು. ಐದೂ! ನಾಲ್ಕೂ! ಯಾಕೆ ಹಾಗೆ ಕೂಗಿದಿರಿ ಎಂದು ಕೇಳಿದಳು.

"ಆಶ್ಚರ್ಯದ ಗುರುತು ಹಾಕಿದ್ದಾರಲ್ಲ, ಅಂಕಿಯ ಪಕ್ಕ. ನಮ್ಮಲ್ಲಿ ಮಾತಿನ ಶುರುವಿನಲ್ಲೂ ಒಂದು ಉಲ್ಟಾ ಗುರುತು ಇರ್ಬೇಕು, ಇಲ್ಲಿ ಅದಿಲ್ಲ. ಕಲ್ಲಚ್ಚಿನವನು ಮರೆತಿದ್ದಾನೆ ಅನ್ಕೊಂಡು ನಾನೇ ಎರಡೂ ಸೇರಿಸಿ ಕೂಗ್ದೆ."

ನಿಬಿಯಾ ನಗಲು ಶುರುಮಾಡಿದಳು. ಮೊದಲು ಸದ್ದಿಲ್ಲದೆ, ಆಮೇಲೆ ಮೇಜು ಹಿಡಿದುಕೊಂಡು. ಡಿಸೆಂಬರಿನಿಂದ ಅವಳು ನಕ್ಕದ್ದು ಅದೇ ಮೊದಲು, ಚೆಲಾ ಬಾಗಿಲಿಗೆ ಬಂದು ನಿಂತು ಕಣ್ಣೊರೆಸಿಕೊಂಡಳು. "ಅಯ್ಯೋ ದೋನ್! ಅದು ಕೂಗೋದಲ್ಲ. ಐದನ್ನ ನಾಲ್ಕರಿಂದ, ಮೂರರಿಂದ, ಎರಡರಿಂದ, ಒಂದರ ತನಕ ಗುಣಿಸು ಅಂತ. ನೀವು ಖುಷಿಯಲ್ಲಿ ಕೂಗ್ತಿದ್ದೀರಿ ಅಂತ ನಾನೂ ಸುಮ್ನಿದ್ದೆ!"

ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು. ಗೆರೆಯ ಮೇಲಿನದು ಮುಗಿದಾಗ ನಿಲ್ಲಬೇಕು, ಆವರಣ ಮುಚ್ಚಿದಾಗ ನಿಲ್ಲಬೇಕು, ಭುಜದ ಮೇಲಿಂದ ನೆಲಕ್ಕೆ ಇಳಿದಾಗ ನಿಲ್ಲಬೇಕು. ನಿಬಿಯಾ ಬೆರಳು ಎತ್ತುತ್ತಿದ್ದಳು, ಅವನು ಬಾಯಿ ಮುಚ್ಚಬೇಕಾಗಿತ್ತು. ಮೊದಮೊದಲು ಆ ಮೌನದಲ್ಲಿ ಅವನಿಗೆ ಬೆವರು ಬರುತ್ತಿತ್ತು, ತುಟಿ ತಾನಾಗಿ ಅಲ್ಲಾಡುತ್ತಿತ್ತು.

"ಏನಾದ್ರೂ ಹೇಳ್ಲಾ?" ಎಂದು ಪಿಸುಗುಟ್ಟುತ್ತಿದ್ದ.

"ಬೇಡ. ಈಗ ನಾನು ನೋಡ್ತಾ ಇದ್ದೀನಿ."

ಆ ಮಾತು ಕೇಳಿದ ಮೇಲೆ ಅವನಿಗೆ ಮೌನ ಅಷ್ಟು ಭಾರವಾಗಲಿಲ್ಲ.

ಫೆಬ್ರವರಿಯಲ್ಲಿ ಪರೀಕ್ಷೆ. ಊರಿನಲ್ಲಿ ಕಾರ್ನಿವಲ್ ಹಬ್ಬದ ತಮಟೆಗಳ ತಾಲೀಮು ನಡೆದಿತ್ತು, ಲಿಸೆಯೋದ ಕಿಟಕಿ ಮುಚ್ಚಿದರೂ ಸದ್ದು ಒಳಗೆ ಬರುತ್ತಿತ್ತು. ಮೇಜಿನ ಹಿಂದೆ ಮೂವರು ಪರೀಕ್ಷಕರು. ನಡುವೆ ಕೂತ ಅಧ್ಯಕ್ಷ ಲಾರ್ರೋಸಾ ರಾಜಧಾನಿಯಿಂದ ಬಂದವನು, ಚಿಕ್ಕ ವಯಸ್ಸಿನ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಅವನ ಬಲಕ್ಕೆ ಊರಿನ ಹಳೆಯ ಗಣಿತದ ಟೀಚರ್ ಎತೆಲ್ವಿನಾ. ಎಡಕ್ಕಿದ್ದವನು ಪರೀಕ್ಷೆ ಮುಗಿಯುವ ತನಕ ಬಾಯಿ ಬಿಡಲಿಲ್ಲ, ಅವನ ಮಾತು ನಮಗೆ ಬೇಡ. ಪ್ರಶ್ನೆಯನ್ನು ಓದುಗ ಓದಬೇಕು, ನಿಬಿಯಾ ಬಾಯಲ್ಲಿ ಉತ್ತರ ಹೇಳಬೇಕು, ಎತೆಲ್ವಿನಾ ಅದನ್ನು ಹಲಗೆಯ ಮೇಲೆ ಬರೆಯಬೇಕು. ಹಾಗೆಂದು ಏರ್ಪಾಡು.

"ಓದೋವರಿಗೆ ಗಣಿತ ಬರಬಾರದು ಅಂತ ನಿಯಮ ಇದೆ," ಎಂದ ಲಾರ್ರೋಸಾ. "ಸಹಾಯ ಮಾಡಿಬಿಟ್ಟಾರು ಅಂತ. ನೀವು ಎಲ್ಲಿ ತನಕ ಕಲಿತಿದ್ದೀರಿ?"

"ಎರಡನೇ ವರ್ಷದಲ್ಲಿ ಓಡಿಹೋದೆ ಸರ್. ಕಾರಣ ಗಣಿತಾನೇ. ಬೇಕಾದ್ರೆ ಈ ಅಮ್ಮನ್ನೇ ಕೇಳಿ."

"ಓಡಿದ್ದು ನಿಜ," ಎಂದಳು ಎತೆಲ್ವಿನಾ. "ನಾನೂ ಆಗ ಅದೇ ತರಗತಿಯಲ್ಲಿ ಓದ್ತಿದ್ದೆ. ಕಿಟಕಿಯಿಂದ ಹಾರಿದ."

"ಹಾಗಾದ್ರೆ ಸರಿ. ಹಾಳೆಯಲ್ಲಿ ಇದ್ದದ್ದನ್ನ ಓದಿ. ಅರ್ಥ ಹೇಳೋ ಹಾಗಿಲ್ಲ."

ದೊಡ್ಡವರ ಮುಂದೆ ಅದೆಮಾರ್ ಶಾಲೆಯ ಹುಡುಗನ ಹಾಗೆ ಮೈ ಬಿಗಿಹಿಡಿದು ಓದಿದ. ಮೇಲೆ ಇಷ್ಟು, ಗೆರೆ, ಕೆಳಗೆ ಇಷ್ಟು. ಆವರಣ ತೆರೆಯಿತು, ಮುಚ್ಚಿತು. ನಿಲ್ಲಬೇಕಾದಲ್ಲಿ ನಿಂತ. ಮೊದಲೆರಡು ಪ್ರಶ್ನೆಗಳನ್ನು ನಿಬಿಯಾ ನೀರು ಕುಡಿದ ಹಾಗೆ ಬಿಡಿಸಿದಳು. ಎತೆಲ್ವಿನಾಳ ಸೀಮೆಸುಣ್ಣ ಹಲಗೆಯ ಮೇಲೆ ಸರಸರ ಓಡಿತು.

ಮೂರನೇ ಪ್ರಶ್ನೆ ಒಂದೇ ಸಾಲು. ಇದನ್ನು ತೋರಿಸಿ, ಎಂದಿತ್ತು. ಆಮೇಲೆ ಏಳು, ಅದರ ಕೆಳಗೆ ಮೂರು. ಸಮ. ಏಳು, ಅದರ ಕೆಳಗೆ ನಾಲ್ಕು.

ಏಳು ಬೈ ಮೂರು ಸಮ ಏಳು ಬೈ ನಾಲ್ಕು. ನಾಲಗೆಯ ತುದಿಗೆ ಬಂದಾಗಿತ್ತು. ಅಲ್ಲೇ ಏನೋ ತಡೆಯಿತು. ಏಳು ರೊಟ್ಟಿಯನ್ನು ಮೂವರಿಗೆ ಹಂಚಿದ್ದೂ ನಾಲ್ವರಿಗೆ ಹಂಚಿದ್ದೂ ಸಮ ಆಗುವುದು ಹೇಗೆ? ಜನವರಿಗೆ ಮೊದಲಿನ ಅದೆಮಾರನಾಗಿದ್ದರೆ ಇಲ್ಲಿ ಹಾಗೇ ಇದೆ ಎಂದು ಓದಿ ಮುಂದೆ ಹೋಗುತ್ತಿದ್ದ. ಈಗ ಅವನು ಗೆರೆಯನ್ನು ಹುಡುಕಿದ. ಅಂಕಿಗಳ ನಡುವೆ ಗೆರೆ ಇರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದ. ಇಲ್ಲ. ಅಚ್ಚಿನವನು ಮರೆತನೇ? ಆಶ್ಚರ್ಯದ ಗುರುತಿನ ದಿನವೂ ಅವನು ಹಾಗೇ ಅಂದುಕೊಂಡಿದ್ದ. ಇಂಥದ್ದೊಂದು ಗುರುತು ಅವರ ಕಲ್ಲಚ್ಚಿನ ಕಟ್ಟಿನಲ್ಲಿ ಎಲ್ಲೂ ಬಂದಿರಲಿಲ್ಲ, ಅದು ಅವನಿಗೆ ಖಂಡಿತ ಗೊತ್ತಿತ್ತು.

ಅವನು ಸುಮ್ಮನಾದ. ತಮಟೆಯ ಸದ್ದೊಂದೇ ಕೇಳುತ್ತಿತ್ತು.

"ಯಾಕೆ ನಿಲ್ಲಿಸಿದ್ರಿ?" ಎಂದ ಲಾರ್ರೋಸಾ. "ಓದಿ."

ನಿಬಿಯಾ ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಕಾಯುತ್ತಿದ್ದಳು. ಅವನ ಮೌನಕ್ಕೆ ಅವಳು ಹೆದರಲಿಲ್ಲ. ಆ ಕೈಯನ್ನು ನೋಡಿದ ಅದೆಮಾರನಿಗೆ ಶಾಲೆ, ಪರೀಕ್ಷಕರು, ಇಸ್ತ್ರಿ ಅಂಗಿ ಎಲ್ಲ ಮರೆತು ಮೈದಾನವೊಂದೇ ಉಳಿಯಿತು.

"ಎತ್ತರದ ಆವರಣ ತೆರೀತು," ಎಂದ. ದನಿ ಹಳೆಯ ಭಾನುವಾರದ್ದು, ಆದರೆ ಆತುರವಿಲ್ಲ. "ಒಳಗೆ ಇಬ್ಬರೇ. ನೀಲಗಿರಿ ಕಡೆ ಏಳು. ನದಿ ಕಡೆ ಮೂರು. ನಡುವೆ ಗೆರೆ ಇಲ್ಲ. ಮೈದಾನ ಖಾಲಿ, ಗೆರೆ ಇಲ್ವೇ ಇಲ್ಲ. ಆವರಣ ಮುಚ್ಚಿತು." ನಿಂತ. "ಸಮ." ನಿಂತ. "ಇನ್ನೊಂದು ಆವರಣ. ನೀಲಗಿರಿಯಲ್ಲಿ ಅದೇ ಏಳು. ನದಿಯಲ್ಲಿ ನಾಲ್ಕು. ಇಲ್ಲೂ ಗೆರೆ ಇಲ್ಲ. ಮುಚ್ಚಿತು."

ಲಾರ್ರೋಸಾ ಎದ್ದು ನಿಂತಿದ್ದ. "ಇದೇನಿದು? ನೀಲಗಿರಿ ಯಾವುದು? ನದಿ ಯಾವುದು? ಪ್ರಶ್ನೆಯಲ್ಲಿ ಮರಾನೂ ಇಲ್ಲ, ನೀರೂ ಇಲ್ಲ. ನೀವಿಬ್ರೂ ಗುಟ್ಟಿನ ಭಾಷೆ ಮಾಡ್ಕೊಂಡು ಬಂದಿದ್ದೀರಾ? ಇದನ್ನ ನಾನು ಬಿಡೋಕಾಗಲ್ಲ. ಪರೀಕ್ಷೆ ರದ್ದು ಮಾಡಬೇಕಾಗತ್ತೆ."

ಅದೆಮಾರ್ ಹಾಳೆಯನ್ನು ಮೇಜಿನ ಮೇಲಿಟ್ಟ. ಎರಡನೇ ಸಲವೂ ತನ್ನ ಬಾಯಿಯೇ ಈ ಹುಡುಗಿಯನ್ನು ಮುಳುಗಿಸಿತು ಎಂದುಕೊಂಡ. ಕಣ್ಣು ತುಂಬಿ ಬಂತು.

"ಕೂತ್ಕೊಳ್ಳಿ ಪ್ರೊಫೆಸರ್," ಎಂದಳು ಎತೆಲ್ವಿನಾ. ಅವಳ ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು. "ಗುಟ್ಟು ಇಬ್ಬರದಾಗಿದ್ರೆ ಗುಟ್ಟು. ಇದು ಊರಿಗೆಲ್ಲ ಗೊತ್ತು. ಬೇಕಾದ್ರೆ ಬಾಗಿಲು ತೆಗೆದು ಹೊರಗೆ ಹೋಗೋ ಯಾರನ್ನಾದ್ರೂ ಕೇಳಿ, ನೀಲಗಿರಿ ಎಲ್ಲಿದೆ ಅಂತ."

ಲಾರ್ರೋಸಾ ಹಟಮಾರಿ, ಆದರೆ ಮೋಸಗಾರನಲ್ಲ. ನಿಜಕ್ಕೂ ಬಾಗಿಲು ತೆಗೆದ. ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಹೆಂಗಸನ್ನು ಕರೆದು ಕೇಳಿದ.

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ ಒರೆಸುವ ಕೋಲನ್ನು ಚಾವಣಿಯ ಕಡೆಗೆ ತೋರಿಸಿದಳು. "ನೀಲಗಿರಿ ಮೇಲೆ, ನದಿ ಕೆಳಗೆ. ಈ ಊರಿನವರಲ್ವಾ ನೀವು? ನಿನ್ನೆ ಈರುಳ್ಳಿ ಬೆಲೆ ನೀಲಗಿರಿ ಸೇರಿದ್ದೂ ಗೊತ್ತಿಲ್ವಾ?"

ಬಾಗಿಲು ಮುಚ್ಚಿತು. ಲಾರ್ರೋಸಾ ತನ್ನ ಜಾಗಕ್ಕೆ ಬಂದು ಕೂತ. ಅವನ ತುಟಿಯ ಅಂಚಿನಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು.

"ಮುಂದುವರಿಸಿ ಸೆನ್ಯೊರಿತಾ. ಪ್ರಶ್ನೆ ಅರ್ಥ ಆಯ್ತಾ?"

"ಆಯ್ತು," ಎಂದಳು ನಿಬಿಯಾ. "ಗೆರೆ ಇದ್ದಿದ್ರೆ ಇದು ಶುದ್ಧ ಸುಳ್ಳು. ಗೆರೆ ಇಲ್ಲ ಅಂದ್ರೆ ಭಾಗಾಕಾರ ಅಲ್ಲ. ಏಳರಲ್ಲಿ ಮೂರನ್ನ ಎಷ್ಟು ರೀತಿ ಆರಿಸಬಹುದು ಅನ್ನೋದನ್ನ ನಮ್ಮ ಕಟ್ಟಿನಲ್ಲಿ ಸಿ ಅಕ್ಷರ ಹಾಕಿ ಬರೀತಾರೆ. ನೀವು ಅದನ್ನೇ ಹೀಗೆ ಬರೆದಿರಬೇಕು. ಹಾಗಿದ್ರೆ ಮಾತ್ರ ಇದು ನಿಜ ಆಗತ್ತೆ." ಅವಳು ಬೆರಳುಗಳನ್ನು ಮೇಜಿನ ಮೇಲೆ ಕಾಳಿನ ಹಾಗೆ ಹರಡಿದಳು. "ಏಳು ಜನ ಆಟಗಾರರು. ಮೂವರನ್ನ ಆರಿಸಿ ಬಸ್ ಹತ್ತಿಸಿದೆ ಅಂದ್ರೆ, ನಾಲ್ವರನ್ನ ಆರಿಸಿ ಮನೇಲಿ ಬಿಟ್ಟೆ ಅಂತಾನೇ. ಕರೆದುಕೊಂಡು ಹೋಗೋ ಪ್ರತಿ ಮೂವರಿಗೂ ಬಿಟ್ಟುಹೋಗೋ ನಾಲ್ವರು ಇದ್ದೇ ಇರ್ತಾರೆ. ಆ ಎಣಿಕೆ ಈ ಎಣಿಕೆ ಒಂದೇ. ಅಂಕಿಯಲ್ಲೂ ಬೇಕಾದ್ರೆ, ಎರಡೂ ಮೂವತ್ತೈದು."

ಎತೆಲ್ವಿನಾ ಬರೆಯುವುದನ್ನು ಮರೆತು ಕೇಳುತ್ತಿದ್ದಳು. ಆಮೇಲೆ ನೆನಪಾಗಿ ಅವಸರದಿಂದ ಬರೆದಳು.

ಫಲಿತಾಂಶವನ್ನು ಕಾರಿಡಾರಿನ ಹಲಗೆಗೆ ಹಚ್ಚುತ್ತಾರೆ. ನಿಬಿಯಾ, ಅದೆಮಾರ್, ಚೆಲಾ ಮೂವರೂ ಅಲ್ಲೇ ಕಲ್ಲುಬೆಂಚಿನ ಮೇಲೆ ಕಾದರು. ಚೆಲಾ ತಂದಿದ್ದ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಜವಾನ ಬಂದು ಚೀಟಿಗೆ ಗುಂಡುಸೂಜಿ ಚುಚ್ಚಿ ಹೋದ. ಚೆಲಾಗೆ ಎದ್ದು ನೋಡುವ ಧೈರ್ಯವಿರಲಿಲ್ಲ, ಅವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ನಿಬಿಯಾ ಅದೆಮಾರನ ತೋಳು ಹಿಡಿದು ಹಲಗೆಯ ಮುಂದೆ ಬಂದು ನಿಂತಳು.

"ಓದಿ, ದೋನ್."

ಅವನು ನೋಡಿದ. ಹೆಸರು ಸರಿಯಾಗಿದೆಯೇ ಎಂದು ನೋಡಿದ. ಮೇಲೆ ನೋಡಿದ, ಕೆಳಗೆ ನೋಡಿದ, ಮತ್ತೊಮ್ಮೆ ನೋಡಿದ. ಅವಳು ಬೆರಳು ಎತ್ತಿರಲಿಲ್ಲ, ಆದರೂ ಅವನು ಸುಮ್ಮನಿದ್ದ. ಅವಳೂ ಆತುರ ಮಾಡಲಿಲ್ಲ.

"ನಿನ್ನ ಹೆಸರು," ಎಂದ ಕೊನೆಗೆ. "ಅದರ ಪಕ್ಕ ಒಂದು ಅಂಕಿ. ಹತ್ತು."

"ಭುಜದ ಮೇಲೆ ಏನಾದ್ರೂ ಕೂತಿದ್ಯಾ?"

"ಏನೂ ಇಲ್ಲ."

"ಕೆಳಗೆ ಗೆರೆ?"

"ಗೆರೆ ಇಲ್ಲ ಕಣಮ್ಮ. ಹತ್ತು, ದೊಡ್ಡದಾಗಿ, ನೆಲದ ಮೇಲೆ ಗಟ್ಟಿಯಾಗಿ ನಿಂತಿದೆ."

ಅವನು ಎದೆ ತುಂಬ ಉಸಿರು ಎಳೆದುಕೊಂಡ. ವರ್ಷಗಟ್ಟಲೆ ಊರಿನ ಹೆಂಚು ನಡುಗಿಸಿದ ಆ ಕೂಗು ಗಂಟಲ ತನಕ ಬಂತು. ಬಂದು ಅಲ್ಲೇ ಒದ್ದೆಯಾಗಿ ನಿಂತುಬಿಟ್ಟಿತು. ಬಾಯಿ ತೆರೆದೇ ಇತ್ತು, ದನಿ ಹೊರಡಲಿಲ್ಲ. ಅದೆಮಾರ್ ಬಿದಾರ್ತ್ ಗೋಲು ಬಿದ್ದಾಗ ಮಾತಿಲ್ಲದೆ ನಿಂತದ್ದು ಅದೇ ಮೊದಲು.

ನಿಬಿಯಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅವನ ತೋಳನ್ನು ಬಿಗಿಯಾಗಿ ಹಿಡಿದು, ತಲೆ ಹಿಂದಕ್ಕೆ ಎಸೆದು, ಚಿಕ್ಕಂದಿನಿಂದ ಭಾನುವಾರ ಭಾನುವಾರ ಕೇಳಿ ಕಲಿತ ಹಾಗೆ ತಾನೇ ಕೂಗಿದಳು.

"ಗೋ...ಓ...ಓ...ಓಲ್!"

ಉದ್ದಕ್ಕೆ, ಉಸಿರು ಮುಗಿಯುವ ತನಕ ಕೂಗಿದಳು. ತರಗತಿಗಳ ಬಾಗಿಲು ತೆರೆದವು, ನೆಲ ಒರೆಸುವವಳು ಕೋಲು ಹಿಡಿದು ಓಡಿ ಬಂದಳು, ಲಾರ್ರೋಸಾ ಕೊರಳು ಚಾಚಿ ನೋಡಿದ.

"ಯಾವ ಕಡೆ ಬಿತ್ತು?" ಎಂದು ಕೇಳಿದಳು ನೆಲ ಒರೆಸುವವಳು.

"ನೀಲಗಿರಿ ಕಡೆ," ಎಂದಳು ನಿಬಿಯಾ.